ರಿವರ್ಸ್ ತೆಗೆಯುವಾಗ ಡಿಕ್ಕಿಯಾದರೆ ತಪ್ಪು ಯಾರದು?

ಮನೆ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೀರಿ. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ. ಇನ್ನೇನು ಸ್ಟೇರಿಂಗ್ ತಿರುಗಿಸಬೇಕು, ಹಿಂದೆ ಢಂ ಎಂದಿತು. ಇಳಿದು ನೋಡಿದರೆ ಸ್ಕೂಟರ್ ಅಡ್ಡ ಬಿದ್ದಿದೆ, ಸವಾರ ಮೊಣಕೈ ಉಜ್ಜಿಕೊಳ್ಳುತ್ತ ಏಳುತ್ತಿದ್ದಾರೆ. ಎರಡು ನಿಮಿಷದಲ್ಲಿ ಜನ ಸೇರುತ್ತಾರೆ, ತೀರ್ಪುಗಳೂ ಬರತೊಡಗುತ್ತವೆ. ‘ರಿವರ್ಸ್ ತೆಗೆದವರದೇ ತಪ್ಪು’ ಎಂದು ಒಂದು ಗುಂಪು. ‘ಹಿಂದಿನಿಂದ ಬಂದು ಗುದ್ದಿದವರದೇ ತಪ್ಪು’ ಎಂದು ಇನ್ನೊಂದು. ನಮ್ಮ ರಸ್ತೆಗಳಲ್ಲಿ ಈ ಎರಡು ಮಾತುಗಳಿಗೂ ಕಾನೂನಿನಷ್ಟೇ ಬೆಲೆ. ಒಂದೊಂದರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಎರಡೂ ಒಟ್ಟಿಗೆ ನಿಜವಾಗುವಂತಿಲ್ಲ. ಹಾಗಾದರೆ ಪೊಲೀಸರು, ವಿಮಾ ಸರ್ವೇಯರ್, ಅಪಘಾತ ಪರಿಹಾರದ ನ್ಯಾಯಮಂಡಳಿ ಏನು ನೋಡುತ್ತಾರೆ? ಆ ಹೊತ್ತಿನಲ್ಲಿ ನೀವು ಏನು ಮಾಡಬೇಕು?

ಹೊಣೆ ಮೊದಲು ರಿವರ್ಸ್ ತೆಗೆಯುವವರ ಮೇಲೇ ಏಕೆ?

ರಸ್ತೆಯಲ್ಲಿ ಎಲ್ಲರೂ ಒಂದು ನಂಬಿಕೆ ಇಟ್ಟುಕೊಂಡೇ ಗಾಡಿ ಓಡಿಸುತ್ತಾರೆ: ಮುಂದಿರುವ ವಾಹನ ಮುಂದಕ್ಕೆ ಹೋಗುತ್ತದೆ, ಇಲ್ಲವೇ ನಿಲ್ಲುತ್ತದೆ. ಅದು ಹಿಂದಕ್ಕೆ ಬರುತ್ತದೆ ಎಂದು ಯಾರೂ ಎಣಿಸುವುದಿಲ್ಲ. ಚಾಲಕರಿಗೂ ಹಿಂದೆ ಕಾಣುವುದು ಕಡಿಮೆ. ಹಿಂಬದಿ ಗಾಜಿನ ಕೆಳಗಿನ ಭಾಗ ಪೂರ್ತಿ ಮರೆ. ಅಲ್ಲಿ ಕುಳಿತು ಆಡುವ ಮಗು ಯಾವ ಕನ್ನಡಿಗೂ ಬೀಳದು. ಬೇರೆಯವರು ಎಣಿಸದ ಚಲನೆಯನ್ನು, ತಮಗೇ ಸರಿಯಾಗಿ ಕಾಣದ ದಿಕ್ಕಿಗೆ ಮಾಡುವವರ ಮೇಲೆ ಹೆಚ್ಚಿನ ಎಚ್ಚರದ ಹೊಣೆ ಬೀಳುವುದು ಸಹಜ.

1989ರ ರಸ್ತೆ ನಿಯಮಗಳು ಇದನ್ನೇ ಹೇಳಿದ್ದವು. ಯಾರಿಗೂ ಅಪಾಯವಾಗಲೀ ವಿನಾಕಾರಣ ತೊಂದರೆಯಾಗಲೀ ಆಗದು ಎಂದು ಮೊದಲು ಖಚಿತಪಡಿಸಿಕೊಳ್ಳದೆ ವಾಹನವನ್ನು ಹಿಂದಕ್ಕೆ ಓಡಿಸಬಾರದು. ಗಾಡಿ ತಿರುಗಿಸಿಕೊಳ್ಳಲು ಬೇಕಾದಷ್ಟು ದೂರಕ್ಕಿಂತ ಹೆಚ್ಚು ಹಿಂದಕ್ಕೆ ಹೋಗಲೂಬಾರದು. ದೂರದ ಈ ಮಿತಿಯಿಂದ ವಿನಾಯಿತಿ ಇದ್ದದ್ದು ರೋಡ್ ರೋಲರಿಗೆ ಮಾತ್ರ. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಮೋಟಾರು ವಾಹನ ಚಾಲನಾ ನಿಯಮಾವಳಿ ಬಂತು. ಹಿಂದಕ್ಕೆ ಹೋಗುವವರ ಹೊಣೆ ಮಾತ್ರ ಕಡಿಮೆಯಾಗಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ‘ಮೊದಲು’ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು. ‘ನನಗೆ ಕಾಣಲೇ ಇಲ್ಲ ಸಾರ್’ ಎಂಬ ಮಾತನ್ನು ಚಾಲಕರು ಸಮರ್ಥನೆ ಎಂದುಕೊಂಡು ಹೇಳುತ್ತಾರೆ. ಕೇಳುವವರಿಗೆ ಅದು ತಪ್ಪೊಪ್ಪಿಗೆ. ಕಾಣದಿದ್ದರೆ ನಿಲ್ಲಬೇಕಿತ್ತು, ಇಳಿದು ನೋಡಬೇಕಿತ್ತು. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದ ಮೇಲಂತೂ ಈ ಮಾತು ಇನ್ನೂ ದುರ್ಬಲವಾಗಿದೆ. ಹಾಗೆಂದು ಸೆನ್ಸರ್ ಕೂಗಲಿಲ್ಲ ಎಂಬುದೂ ರಕ್ಷಣೆಯಲ್ಲ. ಪಕ್ಕದಿಂದ ವೇಗವಾಗಿ ಬರುವ ಬೈಕನ್ನು ಅದು ಹೊತ್ತಿಗೆ ಸರಿಯಾಗಿ ಹಿಡಿಯದೇ ಇರಬಹುದು.

ಆದರೆ ಇದು ಲೆಕ್ಕದ ಆರಂಭ ಅಷ್ಟೇ. ಎದುರಿನವರ ನಿರ್ಲಕ್ಷ್ಯವೂ ಸೇರಿದ್ದರೆ ನ್ಯಾಯಮಂಡಳಿ ತಪ್ಪನ್ನು ಶೇಕಡಾವಾರು ಹಂಚುತ್ತದೆ. ಗಾಯಾಳುವಿಗೆ 1 ಲಕ್ಷ ರೂಪಾಯಿ ಪರಿಹಾರ ಎಂದು ಲೆಕ್ಕ ಹಾಕಿ, ಅವರದೂ ಶೇ 25ರಷ್ಟು ತಪ್ಪು ಎಂದು ಕಂಡರೆ ಕೈಗೆ ಬರುವುದು 75,000. ಹಂಚಿಕೆಗೆ ಆಧಾರ ಎರಡೇ ಪ್ರಶ್ನೆ. ಯಾರು ಯಾರ ದಾರಿಗೆ ಅಡ್ಡ ಬಂದರು? ಅಡ್ಡ ಬಂದದ್ದನ್ನು ಕಂಡು ತಪ್ಪಿಸಿಕೊಳ್ಳಲು ಇನ್ನೊಬ್ಬರಿಗೆ ಸಮಯ ಮತ್ತು ಜಾಗ ಇತ್ತೇ?

ಒಂದೇ ಗಾಯ, ಎರಡು ಕಥೆ

ತಲೆನೋವು ಶುರುವಾಗುವುದು ಇಲ್ಲಿ. ಮುಂದಿನ ಕಾರಿನ ಹಿಂದಿನ ಬಂಪರ್ ಒಡೆದಿದೆ, ಹಿಂದಿನ ಕಾರಿನ ಮುಂದಿನ ಬಂಪರ್ ಒಡೆದಿದೆ. ‘ನಾನು ನಿಂತಿದ್ದೆ, ನೀವು ಬಂದು ಗುದ್ದಿದಿರಿ’ ಎಂದು ಮುಂದಿನವರು. ‘ನಾನು ನಿಂತಿದ್ದೆ, ನೀವೇ ರಿವರ್ಸ್ ಬಂದಿರಿ’ ಎಂದು ಹಿಂದಿನವರು. ಫೋಟೊದಲ್ಲಿ ಎರಡು ಕಥೆಗಳೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಲು ಕೆಲವು ಗುರುತುಗಳಿವೆ.

ಮೊದಲನೆಯದು ಎತ್ತರ. ಜೋರಾಗಿ ಬ್ರೇಕ್ ಒತ್ತಿದಾಗ ಕಾರಿನ ಮೂತಿ ತಗ್ಗುತ್ತದೆ. ಹಿಂದಿನ ಕಾರು ಬ್ರೇಕ್ ಹಾಕುತ್ತಲೇ ಬಂದು ಗುದ್ದಿದ್ದರೆ, ಅದರ ಬಂಪರಿನ ಗುರುತು ಮುಂದಿನ ಕಾರಿನ ಮೇಲೆ ಇರಬೇಕಾದ್ದಕ್ಕಿಂತ ಕೆಳಗೆ ಮೂಡಿರುತ್ತದೆ. ಸಮತಟ್ಟು ಜಾಗದಲ್ಲಿ ಎರಡನ್ನೂ ಹಿಂದೆ ಮುಂದೆ ನಿಲ್ಲಿಸಿ, ಟೇಪ್ ಹಿಡಿದು, ನೆಲದಿಂದ ಗುರುತಿಗೆ ಎಷ್ಟು ಎತ್ತರ ಎಂದು ಅಳೆದು ಫೋಟೊ ತೆಗೆದರೆ ಸಾಕು. ಎತ್ತರ ಸರಿಯಾಗಿ ಹೊಂದಿಕೊಂಡರೆ ಹಿಂದಿನ ಕಾರು ನಿಂತಿದ್ದಿರಬಹುದು. ಬ್ರೇಕೇ ಹಾಕದೆ ಬಂದು ಗುದ್ದಿದ್ದೂ ಇರಬಹುದು. ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಎರಡನೆಯದು ನೆಲ. ಡಿಕ್ಕಿಯಾದ ಕ್ಷಣದಲ್ಲಿ ಒಡೆದ ಟೇಲ್ ಲ್ಯಾಂಪಿನ ಕೆಂಪು ಚೂರು, ಬಂಪರ್ ಅಡಿಗೆ ಅಂಟಿದ್ದ ಒಣ ಕೆಸರು ಕೆಳಗೆ ಉದುರುತ್ತವೆ. ವಾಹನಗಳನ್ನು ಆಮೇಲೆ ಸರಿಸಿದರೂ ಈ ಚೂರುಗಳು ಅಲ್ಲೇ ಉಳಿದು, ಗುದ್ದಿದ ಜಾಗ ಯಾವುದೆಂದು ತೋರಿಸುತ್ತವೆ. ಸಿಗ್ನಲ್‌ನಲ್ಲಿ ಸ್ಟಾಪ್ ಲೈನಿನ ಹತ್ತಿರ ನಿಂತಿದ್ದೆ ಎನ್ನುವವರ ಟೇಲ್ ಲ್ಯಾಂಪಿನ ಚೂರು, ನಿಂತ ಜಾಗದಿಂದ ಒಂದು ಕಾರಿನಷ್ಟು ಹಿಂದೆ ಬಿದ್ದಿದ್ದರೆ ಅವರು ಉತ್ತರ ಹೇಳಬೇಕಾಗುತ್ತದೆ. ಟೈರ್ ಉಜ್ಜಿದ ಗುರುತಿದ್ದರೆ ಅದೂ ಮುಖ್ಯ. ನಿಂತಿದ್ದ ಕಾರಿನ ಹಿಂದೆ ಬ್ರೇಕಿನ ಕಪ್ಪು ಗೆರೆ ಇರಲಾರದು.

ಮೂರನೆಯದು ಬೆಳಕು ಮತ್ತು ಶಬ್ದ. ಗೇರ್ ರಿವರ್ಸ್‌ಗೆ ಬಿದ್ದ ಕೂಡಲೇ ಬಿಳಿ ದೀಪ ಹತ್ತುತ್ತದೆ. ಅಂಗಡಿಯ ಸಿಸಿಟಿವಿಯಲ್ಲಿ ಕಾರು ಅಸ್ಪಷ್ಟವಾಗಿ ಕಂಡರೂ ಆ ಬಿಳಿ ಚುಕ್ಕೆ ಕಾಣುವುದುಂಟು. ಡ್ಯಾಶ್‌ಕ್ಯಾಮ್ ಮುಂದಕ್ಕೆ ಮುಖ ಮಾಡಿದ್ದರೂ ಧ್ವನಿ ಮುದ್ರಣ ಚಾಲೂ ಇದ್ದರೆ ಸೆನ್ಸರಿನ ಬೀಪ್ ಅದರಲ್ಲಿ ಉಳಿಯುತ್ತದೆ. ಹಿಂದಿನವರು ಬಿಡದೆ ಹಾರ್ನ್ ಮಾಡಿದ್ದೂ ಉಳಿಯುತ್ತದೆ.

ಸ್ಕೂಟರ್ ಮತ್ತು ಕಾರಿನ ನಡುವಿನ ಡಿಕ್ಕಿಯಲ್ಲಿ ಪೆಟ್ಟು ಬಿದ್ದದ್ದು ಕಾರಿನ ಯಾವ ಭಾಗಕ್ಕೆ ಎಂದು ನೋಡಿ. ಹಿಂದಿನ ಬಂಪರಿನ ಮೂಲೆಗೆ ತಗುಲಿದ್ದರೆ ಕಾರು ಆಗಷ್ಟೇ ರಸ್ತೆಗೆ ಬಾಲ ಚಾಚಿತ್ತು ಎಂದರ್ಥ. ಸವಾರರಿಗೆ ತಪ್ಪಿಸಿಕೊಳ್ಳಲು ಸಮಯ ಇರಲಿಲ್ಲ. ಅದೇ ಕಾರಿನ ಮಧ್ಯದ ಬಾಗಿಲಿಗೆ ತಗುಲಿದ್ದರೆ, ಕಾರು ಅರ್ಧಕ್ಕಿಂತ ಹೆಚ್ಚು ಹೊರಗೆ ಬಂದು ಎಲ್ಲರಿಗೂ ಕಾಣುವಂತಿತ್ತು. ಆಗ ಸ್ಕೂಟರಿನ ವೇಗ ಎಷ್ಟಿತ್ತು, ಗಮನ ಎಲ್ಲಿತ್ತು ಎಂಬ ಪ್ರಶ್ನೆ ಏಳುತ್ತದೆ.

ಪದೇ ಪದೇ ಎದುರಾಗುವ ಸಂದರ್ಭಗಳು

ಗೇಟಿನಿಂದ ಅಥವಾ ಪಾರ್ಕಿಂಗ್‌ನಿಂದ ರಸ್ತೆಗೆ ಹಿಂದಕ್ಕೆ ಬರುವುದು: ರಸ್ತೆಯಲ್ಲಿ ಹೋಗುತ್ತಿರುವವರಿಗೇ ಮೊದಲ ಹಕ್ಕು. ಎದುರಿನವರು ಏಕಮುಖ ರಸ್ತೆಯಲ್ಲಿ ಉಲ್ಟಾ ಬಂದಿದ್ದರೆ, ರಾತ್ರಿ ದೀಪವಿಲ್ಲದೆ ಬಂದಿದ್ದರೆ, ವೇಗ ಮಿತಿಮೀರಿದ್ದರೆ ಅವರ ಪಾಲೂ ಸೇರುತ್ತದೆ. ಆದರೆ ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸಾಕ್ಷ್ಯ ಬೇಕು.

ಮಾಲ್ ಅಥವಾ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಇಬ್ಬರೂ ಒಟ್ಟಿಗೆ ರಿವರ್ಸ್: ಇಬ್ಬರಿಗೂ ಒಂದೇ ಹೊಣೆ, ಆದ್ದರಿಂದ ಸಮಪಾಲೇ ಆರಂಭದ ಲೆಕ್ಕ. ಒಬ್ಬರು ಮೊದಲೇ ಪೂರ್ತಿ ಹೊರಬಂದು ನಿಂತಿದ್ದರೆಂದು ವಿಡಿಯೊ ತೋರಿಸಿದರೆ ತಕ್ಕಡಿ ವಾಲುತ್ತದೆ.

ಏರಿನಲ್ಲಿ ಹಿಂದಕ್ಕೆ ಜಾರುವುದು: ಫ್ಲೈಓವರ್ ಏರಿನಲ್ಲಿ, ಘಾಟಿ ತಿರುವಿನಲ್ಲಿ ಹಾಫ್ ಕ್ಲಚ್ ತಪ್ಪಿ ಗಾಡಿ ಎರಡಡಿ ಹಿಂದಕ್ಕೆ ಬಂದು ಬಡಿಯುತ್ತದೆ. ರಿವರ್ಸ್ ಗೇರ್ ಹಾಕಿರಲಿಲ್ಲ, ಬಿಳಿ ದೀಪವೂ ಹತ್ತಿರಲಿಲ್ಲ. ಆದರೂ ಗಾಡಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಚಾಲಕರ ಕೆಲಸ, ಜಾರಿದವರದೇ ತಪ್ಪು. ಹಿಂದಿನವರು ಬಾಲಕ್ಕೆ ಮೂಗು ತಾಗಿಸಿ ನಿಂತಿದ್ದರೆ ಅವರನ್ನೂ ಪ್ರಶ್ನಿಸಬಹುದು, ಆದರೆ ಅದರಿಂದ ದೊಡ್ಡ ಪಾಲು ಇಳಿಯುತ್ತದೆಂದು ನಿರೀಕ್ಷಿಸಬೇಡಿ.

ಹೆದ್ದಾರಿಯಲ್ಲಿ ಎಕ್ಸಿಟ್ ತಪ್ಪಿತೆಂದು ಹಿಂದಕ್ಕೆ ಬರುವುದು: ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಇದಕ್ಕೆ ಸಮರ್ಥನೆಯೇ ಇಲ್ಲ. ಮುಂದಿನ ಎಕ್ಸಿಟ್‌ವರೆಗೆ ಹೋಗಿ ತಿರುಗಿ ಬನ್ನಿ, ಅಷ್ಟೇ.

ಕ್ಲೀನರ್ ಹೇಳಿದ ಎಂದು ರಿವರ್ಸ್ ತೆಗೆಯುವುದು: ನೀರಿನ ಟ್ಯಾಂಕರ್ ಬಡಾವಣೆಯ ಇಕ್ಕಟ್ಟಿನ ಅಡ್ಡರಸ್ತೆಗೆ ಹಿಂದಕ್ಕೆ ಬರುತ್ತದೆ. ಹುಡುಗ ಬಾಡಿ ತಟ್ಟುತ್ತ ‘ಬರ್ಲಿ ಬರ್ಲಿ, ರೈಟ್ ರೈಟ್’ ಎನ್ನುತ್ತಾನೆ. ಅವನು ನಿಂತಿರುವುದು ಬಹುಪಾಲು ಸಲ ಚಾಲಕನ ಬದಿಗೆ. ಆಚೆ ಬದಿಯ ಚಕ್ರದ ಹತ್ತಿರ ಯಾರಿದ್ದಾರೆ ಎಂದು ಅವನಿಗೂ ಕಾಣದು. ಅವನು ಹೇಳಿದ್ದರಿಂದ ಚಾಲಕನ ಹೊಣೆ ಕಳಚುವುದಿಲ್ಲ. ಮಾಲ್‌ಗಳಲ್ಲಿ ಸೀಟಿ ಊದುವ ಸೆಕ್ಯೂರಿಟಿಯವರ ವಿಷಯದಲ್ಲೂ ಅಷ್ಟೇ. ನಡೆದು ಹೋಗುವವರಿಗೆ, ಅದರಲ್ಲೂ ಮಕ್ಕಳಿಗೆ ಪೆಟ್ಟಾದಾಗಲಂತೂ ಎದುರಿನವರ ತಪ್ಪೆಂದು ವಾದಿಸುವುದು ಬಹಳ ಕಷ್ಟ. ಚಿಕ್ಕ ಮಕ್ಕಳ ಮೇಲೆ ನಿರ್ಲಕ್ಷ್ಯ ಹೊರಿಸಲು ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಸ್ಥಳದಲ್ಲಿ ಮಾಡಬೇಕಾದ್ದು

1. ನಿಲ್ಲಿಸಿ, ಇಳಿದು, ಪೆಟ್ಟಾಯಿತೇ ಎಂದು ಮೊದಲು ಕೇಳಿ. ಗಾಯವಾಗಿದ್ದರೆ ಆಸ್ಪತ್ರೆಗೆ ಸೇರಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕರ ಕರ್ತವ್ಯ. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲುವುದೇ ಅಪಾಯ ಎಂಬ ಸ್ಥಿತಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆಗ 112ಕ್ಕೆ ಕರೆ ಮಾಡಿ ನೇರ ಠಾಣೆಗೆ ಹೋಗಿ. ಹೇಗಿದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿರಬೇಕು, ವಿಮಾ ಕಂಪನಿಗೂ ತಿಳಿಸಬೇಕು.

2. ವಾಹನ ಸರಿಸುವ ಮೊದಲು ಫೋಟೊ. ಇಪ್ಪತ್ತು ಹೆಜ್ಜೆ ದೂರದಿಂದ ಇಡೀ ರಸ್ತೆ, ನಾಲ್ಕೂ ದಿಕ್ಕಿನಿಂದ. ಆಮೇಲೆ ನೆಲದ ಚೂರುಗಳು. ಕೊನೆಗೆ ಪೆಟ್ಟಿನ ಗುರುತು. ಹೆಚ್ಚಿನವರು ಬಂಪರನ್ನು ಮಾತ್ರ ಹತ್ತು ಸಲ ಕ್ಲಿಕ್ಕಿಸಿ, ರಸ್ತೆಯನ್ನೇ ಬಿಟ್ಟುಬಿಡುತ್ತಾರೆ. ಗೇಟು, ಕಂಬ, ಸ್ಟಾಪ್ ಲೈನ್ ಹೀಗೆ ಜಾಗ ಬದಲಿಸದ ಯಾವುದಾದರೂ ವಸ್ತು ಚೌಕಟ್ಟಿನಲ್ಲಿ ಇರಲಿ. ಇಷ್ಟಾದ ಮೇಲೆ ಗಾಡಿ ಬದಿಗೆ ಹಾಕಿ, ಟ್ರಾಫಿಕ್ ತಡೆಯಬೇಡಿ.

3. ಎದುರಿನವರ ನೋಂದಣಿ ಸಂಖ್ಯೆ, ಲೈಸೆನ್ಸ್, ವಿಮಾ ಪಾಲಿಸಿಯ ಫೋಟೊ ತೆಗೆದುಕೊಳ್ಳಿ. ನಿಮ್ಮದನ್ನೂ ಕೊಡಿ.

4. ಕಣ್ಣಾರೆ ಕಂಡವರಲ್ಲಿ ಇಬ್ಬರ ಫೋನ್ ನಂಬರ್ ಸಾಕು. ಶಬ್ದ ಕೇಳಿ ಆಮೇಲೆ ಓಡಿ ಬಂದವರು ಸಾಕ್ಷಿಯಲ್ಲ, ಎಷ್ಟೇ ಜೋರಾಗಿ ಮಾತಾಡಲಿ.

5. ತಲೆಯೆತ್ತಿ ಸುತ್ತ ಕ್ಯಾಮೆರಾ ಎಲ್ಲಿದೆ ನೋಡಿ. ಅಂಗಡಿ, ಎಟಿಎಂ, ಎದುರು ಮನೆ, ಅಪಾರ್ಟ್‌ಮೆಂಟ್ ಗೇಟು. ಡಿವಿಆರ್ ತುಂಬಿದಂತೆ ಹಳೆಯ ದೃಶ್ಯ ತಾನಾಗಿಯೇ ಅಳಿಯುತ್ತ ಹೋಗುವುದರಿಂದ ಅದೇ ದಿನ ಲಿಖಿತವಾಗಿ ಕೇಳಿ. ಡಿವಿಆರ್ ಗಡಿಯಾರ ನಿಮ್ಮ ಫೋನಿನ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂದು ಬರೆದಿಟ್ಟುಕೊಳ್ಳಿ. ಎಷ್ಟೋ ಪ್ರಕರಣಗಳಲ್ಲಿ ಪಾಟೀಸವಾಲು ನಡೆಯುವುದೇ ಈ ಅಂತರದ ಮೇಲೆ. ದೃಶ್ಯದ ಪ್ರತಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಹಾಗಾಗಿ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ತುಣುಕನ್ನು ನೆಚ್ಚಿ ಕೂರಬೇಡಿ, ಮೂಲ ಫೈಲ್ ಉಳಿಸಿಕೊಳ್ಳಲು ಹೇಳಿ.

6. ಮನೆಗೆ ಹೋದ ಕೂಡಲೇ ನಡೆದದ್ದನ್ನು ಒಂದು ಪುಟದಲ್ಲಿ ಬರೆದಿಡಿ, ಸಣ್ಣ ನಕ್ಷೆ ಸಮೇತ. ಪೊಲೀಸರಿಗೆ, ಸರ್ವೇಯರ್‌ಗೆ, ವಕೀಲರಿಗೆ ನೀವು ಹೇಳುವ ಕಥೆ ಒಂದೇ ಆಗಿರಬೇಕು.

ಸಾಮಾನ್ಯ ತಪ್ಪುಗಳು

ಜನರ ಒತ್ತಾಯಕ್ಕೆ ‘ತಪ್ಪು ನನ್ನದೇ, ಖರ್ಚೆಲ್ಲ ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿಕೊಡುವುದು ಎಲ್ಲಕ್ಕಿಂತ ದುಬಾರಿ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು ಎಂಬ ಷರತ್ತು ನಮ್ಮ ಮೋಟಾರು ಪಾಲಿಸಿಗಳಲ್ಲೇ ಇದೆ. ಕ್ಷಮೆ ಕೇಳಿ, ನೀರು ಕೊಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಅದು ಮನುಷ್ಯತ್ವ. ಛಾಪಾ ಕಾಗದಕ್ಕೆ ಸಹಿ ಹಾಕುವುದು ಬೇರೆಯೇ ವಿಷಯ.

‘ಅವರ ಹತ್ತಿರ ಲೈಸೆನ್ಸೇ ಇಲ್ಲ, ಆದ್ದರಿಂದ ತಪ್ಪು ಅವರದೇ’ ಎಂಬುದು ಇನ್ನೊಂದು ಭ್ರಮೆ. ಲೈಸೆನ್ಸ್ ಇಲ್ಲದ್ದು ಪ್ರತ್ಯೇಕ ಅಪರಾಧ. ಅದೊಂದರಿಂದಲೇ ಗಾಯಾಳು ಅಪಘಾತಕ್ಕೆ ಕಾರಣರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಬೈಕಿನಲ್ಲಿ ಮೂವರು ಕುಳಿತಿದ್ದರು ಎಂಬ ಒಂದೇ ಕಾರಣಕ್ಕೆ ತಪ್ಪನ್ನು ಹಂಚಲಾಗದು ಎಂದು 2020ರಲ್ಲಿ ಹೇಳಿತು. ಆ ಉಲ್ಲಂಘನೆಯಿಂದಲೇ ಡಿಕ್ಕಿಯಾಯಿತು ಎಂದು ತೋರಿಸಬೇಕು.

ಚಾರ್ಜ್‌ಶೀಟ್ ಯಾರ ಮೇಲೆ ಬಿತ್ತೋ ಅವರದೇ ತಪ್ಪು ಎಂದು ಕೈಚೆಲ್ಲುವವರೂ ಇದ್ದಾರೆ. ಪೊಲೀಸರ ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ ಇವೆಲ್ಲ ತೂಕದ ದಾಖಲೆಗಳು ಹೌದು. ಆದರೆ ಪರಿಹಾರದ ನ್ಯಾಯಮಂಡಳಿ ತನ್ನದೇ ತೀರ್ಮಾನಕ್ಕೆ ಬರುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಬೇಕಾಗುವಷ್ಟು ಕಟ್ಟುನಿಟ್ಟಿನ ರುಜುವಾತು ಅಲ್ಲಿ ಬೇಕಿಲ್ಲ. ಯಾವ ಕಥೆ ಹೆಚ್ಚು ಸಂಭವನೀಯ ಎಂಬುದೇ ಅಳತೆ. ಆದ್ದರಿಂದಲೇ ಮೇಲೆ ಹೇಳಿದ ಕೆಂಪು ಚೂರಿನ ಫೋಟೊಗೂ ಅಲ್ಲಿ ಬೆಲೆಯಿದೆ.

ಬರೀ ಬಂಪರ್ ಹೋಗಿದ್ದರೆ

ಯಾರಿಗೂ ಗಾಯವಿಲ್ಲ, ವಾಹನಕ್ಕೆ ಮಾತ್ರ ಪೆಟ್ಟು ಎಂದಾದರೆ ತಪ್ಪು ಯಾರದೆಂಬ ವಾದಕ್ಕೆ ಇಡೀ ದಿನ ಕೊಡುವುದು ವ್ಯರ್ಥ. ನಿಮ್ಮದು ಸಮಗ್ರ ಪಾಲಿಸಿಯಾದರೆ, ಷರತ್ತುಗಳಿಗೆ ಒಳಪಟ್ಟು ತಪ್ಪು ನಿಮ್ಮದಾದರೂ ನಿಮ್ಮ ಕಾರಿನ ರಿಪೇರಿಗೆ ಕ್ಲೇಮ್ ಸಿಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ನಿಮ್ಮ ಕಾರಿಗೆ ಏನೂ ಇಲ್ಲ.

ಕ್ಲೇಮ್ ಮಾಡುವ ಮೊದಲು ಒಂದು ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ ಶೇ 20ರಿಂದ ಶುರುವಾಗಿ 25, 35, 45 ಹೀಗೆ ಏರಿ 50ಕ್ಕೆ ನಿಲ್ಲುತ್ತದೆ. ಒಂದು ಕ್ಲೇಮ್ ಮಾಡಿದರೆ, ತಪ್ಪು ಎದುರಿನವರದೇ ಆಗಿದ್ದರೂ, ಅದನ್ನು ಕಾಯುವ ಪ್ರತ್ಯೇಕ ಆ್ಯಡ್-ಆನ್ ಇಲ್ಲದಿದ್ದರೆ ಸೊನ್ನೆಗೆ ಬೀಳುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 10,000 ರೂಪಾಯಿ, ಈಗ ಶೇ 35 ರಿಯಾಯಿತಿ ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ 45, ಅಂದರೆ ಕಟ್ಟುವುದು 5,500. ಮಾಡಿದರೆ ಪೂರ್ತಿ 10,000. ಮೊದಲ ವರ್ಷದಲ್ಲೇ 4,500 ಹೋಯಿತು, ಜೊತೆಗೆ ಪ್ರತಿ ಕ್ಲೇಮಿಗೆ ನೀವೇ ಭರಿಸಬೇಕಾದ ಕಡ್ಡಾಯ ಮೊತ್ತ 1,500 ಸಿಸಿವರೆಗಿನ ಕಾರಿಗೆ 1,000. ರಿಪೇರಿಗೆ ನಾಲ್ಕೈದು ಸಾವಿರ ಆಗುವುದಿದ್ದರೆ ಕೈಯಿಂದ ಕೊಟ್ಟು ಮುಗಿಸುವುದೇ ಲೇಸು. ಎದುರಿನವರ ವಿಮೆಯಿಂದ ವಾಹನದ ನಷ್ಟ ವಸೂಲು ಮಾಡಲು ನ್ಯಾಯಮಂಡಳಿಗೆ ಹೋಗಬಹುದು, ಆದರೆ ಬಂಪರ್ ಒಂದಕ್ಕಾಗಿ ಆ ದಾರಿ ಹಿಡಿಯುವುದು ನನ್ನ ಪ್ರಕಾರ ಬುದ್ಧಿವಂತಿಕೆಯಲ್ಲ.

ಗಾಯವಾಗಿದ್ದರೆ

ಆಗ ರಾಜಿ ಪಂಚಾಯಿತಿ ಬೇಡ, ದೂರು ದಾಖಲಾಗಲಿ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281, ಅದರಿಂದ ಗಾಯವಾದರೆ 125ನೇ ಕಲಂ ಅನ್ವಯವಾಗುತ್ತವೆ. 2022ರ ಮೋಟಾರು ವಾಹನ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಸಾವು ಅಥವಾ ತೀವ್ರ ಗಾಯವಾದಾಗ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಕ್ರಮವಾಗಿ 5 ಲಕ್ಷ ಮತ್ತು 2.5 ಲಕ್ಷ ರೂಪಾಯಿ ಕೇಳಲು ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಅವಕಾಶವಿದೆ. ಅದಕ್ಕಿಂತ ಹೆಚ್ಚು ಬೇಕಾದರೆ 166ನೇ ಕಲಮಿನ ಕೆಳಗೆ ಹೋಗಬೇಕು, ನಿರ್ಲಕ್ಷ್ಯ ತೋರಿಸಬೇಕು. ನೀವು ಆಟೊದಲ್ಲಿ ಕುಳಿತ ಪ್ರಯಾಣಿಕರಾಗಿದ್ದು, ಆಟೊ ಮತ್ತು ರಿವರ್ಸ್ ಬಂದ ಲಾರಿ ಎರಡರದೂ ತಪ್ಪಿದ್ದರೆ ಇಬ್ಬರಲ್ಲಿ ಒಬ್ಬರಿಂದಲೇ ಪೂರ್ತಿ ಪರಿಹಾರ ಕೇಳಬಹುದು. ಅವರವರ ಪಾಲನ್ನು ಅವರು ಆಮೇಲೆ ಬಗೆಹರಿಸಿಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ವಿಚಾರಿಸುವುದು ಲಘು ವ್ಯವಹಾರಗಳ ನ್ಯಾಯಾಲಯ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಗಡುವನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಗಿದೆ, ಆದರೂ ಅದು ಸಡಿಲವಾಗುತ್ತದೆಂದು ಕಾದು ಕೂರದೆ ಆಸ್ಪತ್ರೆಯ ಬಿಲ್ಲು, ದೂರಿನ ಪ್ರತಿ, ಫೋಟೊಗಳನ್ನು ಒಂದೇ ಫೈಲಿನಲ್ಲಿಟ್ಟು ಆರು ತಿಂಗಳ ಒಳಗೇ ವಕೀಲರನ್ನು ಕಾಣಿ.